ಇಪ್ಪತ್ತು ಸಾಧು ಹುಳುಗಳು

ಎಲೆಕೋಸಿನ ಎಲೆಯನ್ನು ಬಿಲ್ಲೆಯಾಗಿ ಕತ್ತರಿಸಿ, ಹತ್ತಕ್ಕೆ ಸೀತಾಫಲದ ಬೀಜದ ಕಷಾಯ, ಹತ್ತಕ್ಕೆ ಬರೀ ನೀರು ಬಳಿದು, ಗಾಜಿನ ತಟ್ಟೆಗೊಂದರಂತೆ ಹುಳು ಬಿಡುವುದು ನನ್ನ ಕೆಲಸ. ಮದ್ದಿನ ಎಲೆಯನ್ನು ಹುಳು ಮುಟ್ಟಬಾರದು, ನೀರಿನ ಎಲೆಯನ್ನು ತಿಂದು ತೇಗಬೇಕು. ಆಗಲೇ ಕಷಾಯ ಗೆದ್ದಂತೆ. ಆರು ತಿಂಗಳು ಅರೆದು ಸೋಸಿದ ಕಷಾಯ. ಶುಕ್ರವಾರ ಫಲಿತಾಂಶ ಕೊಟ್ಟರೆ ಹೊಲಕ್ಕೆ, ಇಲ್ಲದಿದ್ದರೆ ಕಪಾಟಿಗೆ ಎಂದಿದ್ದರು ನಮ್ಮ ಪ್ರಯೋಗಾಲಯದ ಮೇಡಂ.

ಬುಧವಾರ ಬೆಳಿಗ್ಗೆ ಮದ್ದಿನ ಎಲೆಗಳೆಲ್ಲ ಹುಣ್ಣಿಮೆ ಚಂದ್ರನಂತೆ ಗುಂಡಗಿದ್ದವು. ಫೋನಿನಲ್ಲಿ ಫೋಟೋ ತೆಗೆದೆ. ಕುಣಿಯುವುದೊಂದು ಬಾಕಿ. ಆಮೇಲೆ ನೀರಿನ ತಟ್ಟೆಗಳತ್ತ ಕಣ್ಣು ಹೋಯಿತು. ಅಲ್ಲೂ ಹುಣ್ಣಿಮೆ. ಇಪ್ಪತ್ತೂ ಹುಳುಗಳು ಮುಷ್ಕರ ಹೂಡಿದ್ದವು.

ಬೀಗ ಹಾಕಿದೆನೋ ಇಲ್ಲವೋ ಎಂದು ಬೀದಿ ತುದಿಯಿಂದ ವಾಪಸಾಗುವವಳು ನಾನು. ಮದ್ದಿನ ಕುಂಚವನ್ನೇ ನೀರಿಗೂ ಅದ್ದಿದೆನೇ, ಕೈಗೆ ಸೋಪಿನ ವಾಸನೆಯಿತ್ತೇ ಎಂದು ಎಲ್ಲವನ್ನೂ ಮೂಸಿದೆ. ಪಕ್ಕದ ಮೇಜಿನ ಗೆಳತಿ ಮದ್ದಿನ ಫೋಟೋ ಒಂದನ್ನೇ ಕೊಟ್ಟುಬಿಡು ಎಂದಳು.

"ನೀರಿನ ತಟ್ಟೆ ಯಾರೇ ಕೇಳ್ತಾರೆ?"

ಆಸೆಯಾಗಲಿಲ್ಲ ಎಂದರೆ ಸುಳ್ಳು.

ಅಷ್ಟರಲ್ಲಿ ಹುಳಪ್ಪ ಬಂದರು. ಇಪ್ಪತ್ತು ವರ್ಷದಿಂದ ಇಲ್ಲಿನ ಹುಳುಗಳನ್ನು ಸಾಕುವವರಿಗೆ ನಾವಿಟ್ಟ ಹೆಸರು ಅದು. ಭೂತಗನ್ನಡಿ ಹಿಡಿದು ನೋಡಿ, ಹುಳು ಆರಿಸಿದ್ದು ಹೇಗೆ ಎಂದು ಕೇಳಿದರು. ಕೆಲವು ಕುಂಚ ತಾಕಿದರೆ ಮೈ ತಿರುಚಿ ನೆಗೆಯುತ್ತವೆ, ನಾನು ಕಣ್ಣು ಮುಚ್ಚಿಬಿಡುತ್ತೇನೆ, ಅದಕ್ಕೇ ಸುಮ್ಮನಿದ್ದ ಸಾಧುಗಳನ್ನು ಎತ್ತಿಕೊಂಡೆ ಎಂದೆ. ಅವರು ಮೇಜು ಹಿಡಿದುಕೊಂಡು ನಕ್ಕರು.

"ಅಲ್ಲ ತಾಯಿ, ಪೊರೆ ಬಿಡೋ ಹುಳು ಒಂದಿನ ಮಿಸುಕಲ್ಲ, ಬಾಯಿಗೂ ಏನೂ ಹಾಕಲ್ಲ. ನೀನು ಹುಡುಕಿ ಹುಡುಕಿ ಅವನ್ನೇ ಊಟಕ್ಕೆ ಕರೆದಿದೀಯ."

ಫೋಟೋ ಅಳಿಸಿ, ಮೇಡಂ ಮುಂದೆ ಹೋಗಿ ಇದ್ದದ್ದು ಇದ್ದಂತೆ ಹೇಳಿದೆ. ಅವರು ತಲೆಯೆತ್ತದೆಯೇ ಶುಕ್ರವಾರ ಅಂದರೆ ಶುಕ್ರವಾರ ಎಂದರು.

ಗುರುವಾರ ಇಪ್ಪತ್ತು ಜಗಳಗಂಟಿಗಳನ್ನೇ ಹಿಡಿದೆ. ಎರಡು ಮಡಿಲಿಗೆ ಹಾರಿದವು, ಒಂದು ಅಂಗಿಯ ತೋಳಿನೊಳಗೆ ನುಗ್ಗಿತು. ಕಣ್ಣು ಮುಚ್ಚಲಿಲ್ಲ ಎಂಬುದೇ ನನ್ನ ಶೌರ್ಯ.

ಶುಕ್ರವಾರ ನೀರಿನ ತಟ್ಟೆಗಳಲ್ಲಿ ಎಲೆಯ ನರಗಳಷ್ಟೇ ಉಳಿದಿದ್ದವು. ಮದ್ದಿನ ಎಲೆಗಳಲ್ಲಿ ಒಂಬತ್ತು ಇಡಿಯಾಗಿದ್ದವು, ಒಂದರ ಅಂಚಿಗೆ ಮಾತ್ರ ಸಣ್ಣ ಕಚ್ಚು. ಆ ಕಚ್ಚು ಕಂಡು ಜೀವಕ್ಕೆ ಸಮಾಧಾನವಾಯಿತು. ಹುಳುವಿಗೆ ಹಸಿವಿತ್ತು, ರುಚಿ ನೋಡಿಯೇ ಬೇಡವೆಂದಿತ್ತು.

ತಟ್ಟೆಗಳನ್ನು ಹೊತ್ತು ಮೇಡಂ ಕೋಣೆಗೆ ಹೋದೆ. ಅವರು ಕನ್ನಡಕ ಏರಿಸಿಕೊಂಡರು.

"ಮೊದಲು ನೀರಿನ ತಟ್ಟೆ ತೋರ್ಸು."