ಬರೆಯಲು ಜಾಗವಿಲ್ಲ

ಫ್ಯಾನಿನ ಸದ್ದು ಬದಲಾಗಿದೆ, ಒಂದು ಎಳೆಯಷ್ಟೇ, ಬೇರೆ ಯಾರಿಗೂ ಕೇಳಿಸಲಿಕ್ಕಿಲ್ಲ — ಅಲ್ಲ, ಅದು ಮೇಲಿನ ಹಲಗೆಯ ನೆಟ್‌ವರ್ಕ್ ಸ್ವಿಚ್ಚಿನದು, ಎಲೆ ಉದುರುವ ಕಾಲದಿಂದ ಹಾಗೇ ಕೆಮ್ಮುತ್ತಿದೆ, ಆಸ್ಪತ್ರೆಯ ಜಾಲದ ಬಾಗಿಲು ಕಾಯುವ ಪೆಟ್ಟಿಗೆ, ಫೈರ್‌ವಾಲು, ಅದರ ಫ್ಯಾನು ಸರಿಯಾಗೇ ತಿರುಗುತ್ತಿದೆ, ಅದರ ಎರಡು ಹಸಿರು ದೀಪಗಳೂ ಉರಿಯುತ್ತಿವೆ, ಮೊದಲನೆಯದು ಕರೆಂಟು ಇದೆ ಅನ್ನುತ್ತದೆ ಅಷ್ಟೆ, ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಎರಡನೆಯದು ಬೆಟ್ಟದ ಚಿಕಿತ್ಸಾಲಯಗಳ ಜೊತೆ ಮಾತು ನಡೆಯುತ್ತಿದ್ದರೆ ಮಾತ್ರ ಉರಿಯುತ್ತದೆ, ಅದು ಸುಳ್ಳು ಹೇಳುವುದಿಲ್ಲ, ಹಾಗಾದರೆ ಪರದೆಯ ಮೇಲೆ ಈ ಸಾಲು ಯಾಕೆ, ಬರೆಯಲು ಜಾಗವಿಲ್ಲ, ಮತ್ತೆ ಒತ್ತಿದರೆ ಮತ್ತೆ ಅದೇ, ಬರೆಯಲು ಜಾಗವಿಲ್ಲ. ನಾನು ಕೇಳಿದ್ದು ದೊಡ್ಡದೇನಲ್ಲ. ಬ್ರೆಜ್ನಾದ ಚಿಕಿತ್ಸಾಲಯಕ್ಕೆ ಹೊಸ ಎಕ್ಸ್-ರೇ ಯಂತ್ರ ಬಂದಿದೆ, ಅದರ ಚಿತ್ರಗಳಿಗೆ ಒಳಗೆ ಬರಲು ದಾರಿ ಬಿಡು ಎಂದು ಒಂದು ನಿಯಮ ಸೇರಿಸಿದೆ, ನಿಯಮ ಕೆಲಸವನ್ನೂ ಮಾಡುತ್ತಿದೆ, ಉಳಿಸಿಕೋ ಅಂದಾಗ ಮಾತ್ರ ಮೊಂಡು ಹಿಡಿದಿದೆ, ಹಾಗಾದರೆ ಕಡೆಯ ಸಲ ಉಳಿಸಿದ್ದು ಯಾವಾಗ, ನೋಡೋಣ, ಇಲ್ಲಿದೆ ತಾರೀಖು — ತಪ್ಪು ಓದಿದೆನೇ, ಕನ್ನಡಕ ಒರೆಸಿಕೊಂಡು ಮತ್ತೆ ಓದುತ್ತೇನೆ, ಹೋದ ವರ್ಷದ ಡಿಸೆಂಬರ್. ಒಂದು ವರ್ಷ. ಐದು ಚಿಕಿತ್ಸಾಲಯಗಳನ್ನು ಸೇರಿಸಿದ್ದು ಈ ವಸಂತದಲ್ಲಿ, ಅಂದರೆ ಆ ಐದೂ ಈ ಪೆಟ್ಟಿಗೆಯ ತಲೆಯಲ್ಲಿವೆ, ಡಿಸ್ಕಿನ ಮೇಲಿಲ್ಲ, ಪೆಟ್ಟಿಗೆ ಒಮ್ಮೆ ಆರಿದರೆ ಎದ್ದಾಗ ಅದಕ್ಕೆ ಬೆಟ್ಟದಲ್ಲಿ ಯಾರಿದ್ದಾರೆ ಎಂಬುದೇ ಗೊತ್ತಿರುವುದಿಲ್ಲ, ಆರದಂತೆ ನೋಡಿಕೋ, ಆರದಂತೆ — ಅತ್ತೆಯ ಅಂಗೈ, ಬಾಗಿಲು ತೆರೆಯುವ ಮೊದಲೇ ಮೇಣದಬತ್ತಿಯ ಮುಂದೆ ಏಳುವ ಆ ಅಂಗೈ, ಹೊರಗೆ ಹಿಮದ ಮೇಲೆ ಬೂಟಿನ ಸದ್ದಾದರೆ ಸಾಕು ಅದು ಏಳುತ್ತದೆ, ಬೆರಳುಗಳ ಸಂದಿಯಲ್ಲಿ ಕೆಂಪು ಬೆಳಕು, ಬೆಳಿಗ್ಗೆ ಹೊರಡುವಾಗಲೂ ನೋಡಿದೆ, ಬತ್ತಿ ಆಗಷ್ಟೇ ಹೊತ್ತಿಸಿದ್ದರು, ಮಗಳೇ, ಜನ ಬರೋ ಹೊತ್ತಿಗೆ ಬಂದುಬಿಡು, ನನ್ನ ಕೈ ನಡುಗುತ್ತೆ ಈ ಸಲ, ಯಾರಾದರೂ ಬತ್ತಿ ಹತ್ತಿರ ನಿಂತಿರಬೇಕು ಅಂದರು, ಬರ್ತೀನಮ್ಮಾ ಅಂದೆ.

ಇವತ್ತು ನಿಕೊಲಾ ಸಂತನ ದಿನ, ಊರಿನ ಅರ್ಧ ಮನೆಗಳಿಗೆ ಅವನೇ ಮನೆದೇವರು, ಅವನ ಹೆಸರಿನ ಬತ್ತಿ ರಾತ್ರಿಯ ತನಕ ಆರಬಾರದು, ನಮ್ಮ ಮನೆಗೂ ಅವನೇ, ನನ್ನ ಜೊತೆ ಕೆಲಸ ಮಾಡುವ ಲ್ಯೂಬಿಶಾ ಚಿಕ್ಕಪ್ಪನ ಮನೆಗೂ, ಅದಕ್ಕೇ ಅವರು ರಜೆ, ಫೈರ್‌ವಾಲು ಅವರದ್ದು, ರೋಗಿಗಳ ದಾಖಲೆಯ ಗಣಕಗಳು ನನ್ನವು, ಹತ್ತು ವರ್ಷದಿಂದ ಹಾಗೇ, ಅವರ ಪೆಟ್ಟಿಗೆಗೆ ನಾನು ಕೈ ಹಾಕಿದ್ದು ಇವತ್ತೇ ಮೊದಲು, ಆದರೆ ಹೆದರಿಕೆಯಿಲ್ಲ, ವಿಚಿತ್ರ, ಮನೆಯಲ್ಲಿ ಗ್ಯಾಸು ಆರಿಸಿದೆನೋ ಎಂದು ಎರಡು ಸಲ ಹಿಂತಿರುಗುವ ನನಗೆ ಇಲ್ಲಿ ಕೈ ನಡುಗುವುದಿಲ್ಲ, ಇಲ್ಲಿ ಪ್ರತಿಯೊಂದಕ್ಕೂ ಒಂದು ಕಾರಣ ಇರುತ್ತದೆ, ಹುಡುಕಿದರೆ ಸಿಗುತ್ತದೆ. ಡಿಸ್ಕು ಯಾಕೆ ತುಂಬಿತು ನೋಡು ಮೊದಲು. ಲಾಗ್ ಕಡತ, ಪೆಟ್ಟಿಗೆ ತನ್ನ ದಿನಚರಿ ಬರೆದಿಡುವುದು, ಮತ್ತೇನಿರುತ್ತದೆ, ಹಂಡೆಯಷ್ಟು ಊದಿಕೊಂಡಿದೆ, ಯಾರ ಜೊತೆಯೋ ಜಗಳವಾಡಿದ ಹಾಗೆ ಒಂದೇ ಸಮನೆ ಏನೋ ಬರೆದುಕೊಂಡಿದೆ, ಆಮೇಲೆ ಓದೋಣ, ಅದರ ಬಾಲವನ್ನಷ್ಟೇ ನನ್ನ ಗಣಕಕ್ಕೆ ಎಳೆದುಕೊಂಡು ಉಳಿದದ್ದನ್ನು ಅಳಿಸೋಣ ಅಂದುಕೊಳ್ಳುವಷ್ಟರಲ್ಲಿ ಬಾಗಿಲು ಬಡಿದ ಸದ್ದು, ತಣ್ಣನೆಯ ಗಾಳಿ, ವಿದ್ಯುತ್ ಕಚೇರಿಯ ಸ್ರೆತೆನ್, ಕಿವಿಯ ತನಕ ಟೋಪಿ, ಮೀಸೆಯಲ್ಲಿ ಹಿಮ, ತಂಗೀ, ಟ್ರಾನ್ಸ್‌ಫಾರ್ಮರ್ ಬದಲಾಯಿಸೋಕೆ ಬಂದಿದೀವಿ, ಈಗಲೇ ಲೈನ್ ತೆಗೀತೀನಿ. ಮಧ್ಯಾಹ್ನ ಅಂತ ಹೇಳಿದ್ರಲ್ಲ ಅಂದೆ. ಹೇಳಿದ್ವು, ಆದರೆ ನನ್ನ ಮನೇಲೂ ಬತ್ತಿ ಉರೀತಿದೆ, ಆ ಹುಡುಗರ ಮನೇಲೂ ಉರೀತಿದೆ, ಬೇಗ ಮುಗಿಸಿದರೆ ಬೇಗ ಊಟಕ್ಕೆ ಕೂತ್ಕೋತೀವಿ, ಆಪರೇಷನ್ ಕೋಣೆಗೆ ಜನರೇಟರ್ ಇದೆಯಲ್ಲ, ನಿನ್ನ ಈ ಡಬ್ಬಗಳಿಗೆ ಏನಾಗುತ್ತೆ, ಸ್ವಲ್ಪ ಹೊತ್ತು ಮಲಗಿ ಏಳುತ್ತವೆ. ಮಲಗಿದರೆ ಎಲ್ಲಾ ಮರೆತುಬಿಡುತ್ತವೆ ಅಂದೆ. ನಮ್ಮ ಮಾವನ ಹಾಗೆ ಅನ್ನು ಎಂದು ನಕ್ಕ. ಈ ಕೋಣೆ ಜನರೇಟರಿನ ಲೈನಿನಲ್ಲಿಲ್ಲ, ಬ್ಯಾಟರಿ ಪೆಟ್ಟಿಗೆ ಸತ್ತು ಬೇಸಿಗೆಯೇ ಕಳೆಯಿತು, ಹೊಸದಕ್ಕೆ ಬರೆದುಕೊಟ್ಟಿದ್ದೇನೆ, ಅದು ಯಾರದೋ ಮೇಜಿನ ಮೇಲೆ ಕೂತಿದೆ, ಇದನ್ನೆಲ್ಲ ಅವನಿಗೆ ಹೇಳಿ ಏನು ಪ್ರಯೋಜನ, ಹೇಳಬೇಕಾದ್ದನ್ನು ಹೇಳಿದೆ, ಬ್ರೆಜ್ನಾದಲ್ಲಿ ಒಬ್ಬ ಮರ ಕಡಿಯುವವನ ಮೇಲೆ ದಿಮ್ಮಿ ಉರುಳಿದೆ, ಸೊಂಟ ಮುರಿದಿದೆಯೋ ಏನೋ, ಅವನನ್ನ ಟ್ರ್ಯಾಕ್ಟರಿನಲ್ಲಿ ಚಿಕಿತ್ಸಾಲಯಕ್ಕೆ ತರ್ತಿದಾರೆ, ಅಲ್ಲಿ ತೆಗೆದ ಚಿತ್ರ ಇಲ್ಲಿ ನಮ್ಮ ಡಾಕ್ಟರು ನೋಡಬೇಕು, ಈ ಡಬ್ಬ ಮರೆತರೆ ಚಿತ್ರ ಬರೋದಿಲ್ಲ. ಸ್ರೆತೆನ್ ಟೋಪಿ ತೆಗೆದ, ಮತ್ತೆ ಹಾಕಿಕೊಂಡ. ಎಷ್ಟು ಹೊತ್ತು ಬೇಕು. ಸ್ವಲ್ಪ. ಸ್ವಲ್ಪ ಅಂದರೆ ಅದೊಂದು ಅಳತೆಯೇನು ತಂಗಿ, ಒಂದು ಸಿಗರೇಟು ಸೇದ್ತೀನಿ, ಅದು ಮುಗಿಯೋವರೆಗೆ, ಆಮೇಲೆ ನನ್ನ ಕೇಳಬೇಡ, ಕ್ರೇನು ಬಾಡಿಗೆಯದ್ದು.

ಕಿಟಕಿಯಲ್ಲಿ ಕಾಣುತ್ತಾನೆ, ಗೋಡೆಯ ಮರೆಯಲ್ಲಿ ನಿಂತು ಕಡ್ಡಿ ಗೀರುತ್ತಾನೆ, ಗಾಳಿಗೆ ಅಂಗೈ ಅಡ್ಡ, ಬೆರಳ ಸಂದಿಯಲ್ಲಿ ಕೆಂಪು, ಹೊತ್ತಿತು, ನೋಡಬೇಡ ಅವನನ್ನು, ಕೆಲಸ ನೋಡು. ಬಾಲ ನನ್ನ ಗಣಕಕ್ಕೆ ಬಂತು, ಕಡತ ಅಳಿಸಿದೆ. ಹೋಯಿತು. ಜಾಗ ಎಷ್ಟು ಖಾಲಿಯಾಯಿತು — ಏನೂ ಇಲ್ಲ, ಒಂದು ಕಾಳಿನಷ್ಟೂ ಇಲ್ಲ, ಡಿಸ್ಕು ಹಾಗೇ ತುಂಬಿದೆ, ಕಡತ ಕಾಣುತ್ತಿಲ್ಲ ಆದರೆ ಅದರ ಭಾರ ಇದ್ದೇ ಇದೆ, ತಡಿ, ಗಾಬರಿ ಬೇಡ, ಇದನ್ನು ಓದಿದ್ದೇನೆ, ನೊವಿ ಸಾದ್‌ನ ಕಾಲೇಜಿನ ಆ ತಣ್ಣನೆಯ ಪ್ರಯೋಗಶಾಲೆಯಲ್ಲಿ, ಕೈಗವಸು ಹಾಕಿಕೊಂಡೇ ಟೈಪು ಮಾಡುತ್ತಿದ್ದೆವು, ಅಳಿಸಿದ್ದು ಹೆಸರನ್ನು ಮಾತ್ರ, ಬರೆಯುವವನು, ಅಂದರೆ ಲಾಗ್ ಬರೆಯುವ ಪ್ರೋಗ್ರಾಮು, ಅದನ್ನು ಇನ್ನೂ ಕೈಯಲ್ಲಿ ಹಿಡಿದಿದ್ದಾನೆ, ಅವನು ಬಿಡುವ ತನಕ ಜಾಗ ಬಿಡುಗಡೆಯಿಲ್ಲ, ಯಾರಾದರೂ ಅವಸರದವರಾಗಿದ್ದರೆ ಈಗ ಪೆಟ್ಟಿಗೆಯನ್ನೇ ಆರಿಸಿ ಹೊತ್ತಿಸುತ್ತಿದ್ದರು, ಜಾಗವೇನೋ ಸಿಗುತ್ತಿತ್ತು, ಉಳಿದದ್ದೆಲ್ಲ ಹೋಗುತ್ತಿತ್ತು, ನಾನು ಹಾಗೆ ಮಾಡುವವಳಲ್ಲ, ಲಾಗ್ ಬರೆಯುವವನನ್ನು ಒಬ್ಬನನ್ನೇ ನಿಲ್ಲಿಸಿ ಏಳಿಸಿದರೆ ಸಾಕು, ಉಳಿದವರಿಗೆ ಗೊತ್ತೇ ಆಗಬಾರದು, ಊಟದ ಮೇಜಿನಿಂದ ಒಬ್ಬರನ್ನು ಮೆಲ್ಲಗೆ ಕರೆದ ಹಾಗೆ, ಬನ್ನಿ ಸ್ವಲ್ಪ, ಹೋದ, ಬಂದ, ಈಗ ನೋಡು. ಅರ್ಧಕ್ಕಿಂತ ಹೆಚ್ಚು ಡಿಸ್ಕು ಖಾಲಿ. ನಗು ಬಂತು ನನಗೆ, ಒಬ್ಬಳೇ, ಉಳಿಸಿಕೋ ಈಗ, ಇನ್ನು ನಿನಗೇನು ನೆಪ. ಸಾಲು ಬದಲಾಯಿತು, ಆದರೆ ಒಪ್ಪಿಗೆಯಲ್ಲ, ನಿಯಮಗಳ ಸಂರಚನೆಯಲ್ಲಿ ತಪ್ಪು ಇದೆ, ಉಳಿಸಲಾಗದು, ಎಲ್ಲಿದೆ ತಪ್ಪು, ಕೆಳಗೆ, ಇನ್ನೂ ಕೆಳಗೆ, ಎಚ್ಚರಿಕೆ ಸಂದೇಶಗಳ ವಿಭಾಗದಲ್ಲಿ, ನಿಕೊಲಾ ಎಂಬ ವೇಳಾಪಟ್ಟಿ, ಶುರುವಾಗುವ ಹೊತ್ತು ಇದೆ, ಮುಗಿಯುವ ಹೊತ್ತು ಖಾಲಿ. ನಿಕೊಲಾ. ಯಾರು ಬರೆದದ್ದೆಂದು ಕೇಳಬೇಕಾಗಿಯೇ ಇಲ್ಲ.

ಹೊರಗೆ ಸ್ರೆತೆನ್‌ನ ಸಿಗರೇಟು ಅರ್ಧ, ಕ್ರೇನಿನವನ ಜೊತೆ ಏನೋ ಹೇಳಿ ನಗುತ್ತಿದ್ದಾನೆ, ನಗಲಿ, ಮಾತಾಡುತ್ತ ಸೇದಿದರೆ ನಿಧಾನವಾಗುತ್ತದೆ, ಫೋನು ಕಿವಿಗೆ, ಲ್ಯೂಬಿಶಾ ಚಿಕ್ಕಪ್ಪ ಎತ್ತುವ ಮೊದಲೇ ಅವರ ಮನೆಯ ಗದ್ದಲ ಎತ್ತಿತು, ತಟ್ಟೆಗಳು, ಅಕಾರ್ಡಿಯನ್, ಯಾರೋ ಬಾಗಿಲು ಹಾಕ್ರೋ ಬತ್ತಿ ಆರುತ್ತೆ ಎಂದು ಕೂಗುತ್ತಿದ್ದಾರೆ, ಹಬ್ಬದ ಶುಭಾಶಯ ಚಿಕ್ಕಪ್ಪ. ನಿನಗೂ ಮಗಳೇ, ಎಲ್ಲಿದೀಯಾ, ಕಾರ್ಪ್ ಮೀನು ಇನ್ನೂ ಬಿಸಿ ಇದೆ. ಆಸ್ಪತ್ರೇಲಿ. ಇವತ್ತಾ, ನಿನಗೆ ತಲೆ ಸರಿ ಇದೆಯಾ. ಹೋದ ವರ್ಷ ಇವತ್ತಿನ ದಿನ ಎಚ್ಚರಿಕೆ ಸಂದೇಶಗಳನ್ನ ಬಂದ್ ಮಾಡಿದ್ರಾ. ಮಾಡಿದ್ದೆ, ಊಟದ ಮಧ್ಯೆ ಜೇಬಲ್ಲಿ ಕುಯ್ ಕುಯ್ ಅಂದರೆ ನಮ್ಮವಳು ಸುಮ್ಮನಿರ್ತಾಳಾ, ಪಾದ್ರಿ ಹಬ್ಬದ ಬ್ರೆಡ್ ಕತ್ತರಿಸ್ತಿರೋವಾಗ ಕುಯ್ಯೆಂದು, ಅದಕ್ಕೇ. ಮುಗಿಯೋ ಹೊತ್ತು ಯಾಕೆ ಹಾಕಲಿಲ್ಲ. ಮನೆದೇವರ ಹಬ್ಬಕ್ಕೆ ಮುಗಿಯೋ ಹೊತ್ತು ಹಾಕೋದಾ ಮಗಳೇ, ಬಂದವರಿಗೆ ಇಷ್ಟೊತ್ತಿಗೆ ಎದ್ದು ಹೋಗಿ ಅನ್ನೋಕೆ ಆಗುತ್ತಾ, ಖಾಲಿ ಬಿಟ್ಟೆ, ಬೆಳಿಗ್ಗೆ ತೆಗೆದುಬಿಡೋಣ ಅಂತ, ಆಮೇಲೆ — ಅಯ್ಯೋ. ಆ ಅಯ್ಯೋ ಇಡೀ ವರ್ಷದಷ್ಟು ಉದ್ದವಾಗಿತ್ತು. ಈಗ ಎಲ್ಲ ಒಂದಕ್ಕೊಂದು ಕೂತವು, ನಾನು ಉಳಿಸಿಕೊಂಡ ಲಾಗಿನ ಬಾಲ ತೆರೆದೆ, ಅದೇ ಮಾತು, ಮುಗಿಯುವ ಹೊತ್ತು ಖಾಲಿ, ಉಳಿಸಲಾಗಲಿಲ್ಲ, ಮತ್ತೆ ಪ್ರಯತ್ನಿಸುತ್ತೇನೆ, ಮುಗಿಯುವ ಹೊತ್ತು ಖಾಲಿ, ಉಳಿಸಲಾಗಲಿಲ್ಲ, ಪಾಪ ಪೆಟ್ಟಿಗೆ, ಚಳಿಗಾಲ ವಸಂತ ಬೇಸಿಗೆ ಕೂಗಿಕೊಂಡೇ ಇತ್ತು, ಕೂಗುವ ಬಾಯಿಯನ್ನು ಮುಚ್ಚಿದ್ದೂ ಅದೇ ಖಾಲಿ ಜಾಗ, ಕೂಗಿಕೂಗಿ ಡಿಸ್ಕು ತುಂಬಿದ್ದೂ ಅದರಿಂದಲೇ. ಚಿಕ್ಕಪ್ಪ ಇನ್ನೂ ಕಿವಿಯಲ್ಲಿದ್ದಾರೆ, ಬರಲಾ, ಬತ್ತಿ ಬಿಟ್ಟು ಮನೆಯ ಯಜಮಾನ ಎದ್ದು ಹೋಗಬಾರದು ಅಂತಾರೆ, ಆದರೂ ಬರ್ತೀನಿ, ನೀನು ಹೇಳು. ಬೇಡ, ಕೂತ್ಕೊಳ್ಳಿ, ನಾನಿದೀನಿ. ಆ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು, ನಾನೇ ತಿರುಗಿ ನೋಡಿದೆ, ಬೇರೆ ಯಾರೋ ಹೇಳಿದರೇನೋ ಎಂದು. ಯಾಸ್ನಾ, ಬಯ್ಯಿ ನನ್ನ ಒಂದು ಸಲ, ಸಮಾಧಾನ ಆಗುತ್ತೆ. ನಾಳೆ ಬಯ್ತೀನಿ, ಮೀನು ಉಳಿಸಿಡಿ.

ಫೋನು ಮೇಜಿನ ಮೇಲೆ. ಮುಗಿಯುವ ಹೊತ್ತು ಎಂಬಲ್ಲಿ ಏನು ಬರೆಯಲಿ, ವೇಳಾಪಟ್ಟಿಯನ್ನೇ ಕಿತ್ತುಹಾಕಬಹುದು, ಆದರೆ ಅದನ್ನು ಇನ್ಯಾವ ನಿಯಮ ಹಿಡಿದುಕೊಂಡಿದೆಯೋ, ಒಂದನ್ನು ಎಳೆದರೆ ಇನ್ನೊಂದು ಹರಿದರೆ ನೋಡಲು ಸಮಯವಿಲ್ಲ, ಕಡಿಮೆ ಮುಟ್ಟಿದಷ್ಟೂ ಒಳ್ಳೆಯದು, ಹೋದ ವರ್ಷದ ಅದೇ ದಿನದ ನಡುರಾತ್ರಿ ಬರೆದೆ, ಅಷ್ಟೊತ್ತಿಗೆ ಎಲ್ಲರ ಮನೆಯಲ್ಲೂ ಬತ್ತಿಗೆ ದ್ರಾಕ್ಷಾರಸ ಚಿಮುಕಿಸಿ ಆರಿಸಿರುತ್ತಾರೆ, ಹಬ್ಬ ಮುಗಿಯಿತು ಲ್ಯೂಬಿಶಾ ಚಿಕ್ಕಪ್ಪ, ಒಂದು ವರ್ಷದ ಹಬ್ಬ ಇವತ್ತು ಮುಗಿಯಿತು. ಕಿಟಕಿಯಾಚೆ ಸ್ರೆತೆನ್ ಸಿಗರೇಟಿನ ತುದಿಯನ್ನು ನೋಡಿಕೊಳ್ಳುತ್ತಿದ್ದಾನೆ, ಇನ್ನೊಂದು ಎಳೆತಕ್ಕೆ ಉಳಿದಿದೆಯೋ ಇಲ್ಲವೋ ಎಂದು, ಉಳಿಸಿಕೋ ಅಂದೆ, ಪೆಟ್ಟಿಗೆ ಯೋಚಿಸುತ್ತಿದೆ, ಯೋಚಿಸುತ್ತಿದೆ, ಅವನು ಎಳೆದ, ಹೊಗೆ ಬಿಟ್ಟ, ಉಳಿಸಲಾಗಿದೆ. ಉಳಿಸಲಾಗಿದೆ! ಆದರೆ ನಾನು ಅದನ್ನೂ ನಂಬುವುದಿಲ್ಲ, ಬರೆದಿದ್ದೇನೆ ಎಂದು ಹೇಳುವುದು ಬೇರೆ, ಬರೆದಿರುವುದು ಬೇರೆ, ಡಿಸ್ಕಿನಿಂದ ತಿರುಗಿ ಓದು, ತಲೆಯಲ್ಲಿರುವುದರ ಪಕ್ಕ ಇಟ್ಟು ನೋಡು, ವ್ಯತ್ಯಾಸ ಇಲ್ಲ, ಬ್ರೆಜ್ನಾ ಇದೆ, ಉಳಿದ ನಾಲ್ಕೂ ಇವೆ, ಒಂದು ಪ್ರತಿ ನನ್ನ ಗಣಕಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಫೋನು, ಬ್ರೆಜ್ನಾದ ಡಾಕ್ಟರ್ ಮಿಲುಂಕಾ, ಸದಾ ಕೂಗಿಯೇ ಮಾತಾಡುವ ಹೆಂಗಸು, ಯಾಸ್ನಾ, ಬಂದ ಅವನು, ಮೇಜಿನ ಮೇಲೆ ಮಲಗಿಸಿದೀನಿ, ನೋವಿಗೆ ಕಿರುಚ್ತಿದಾನೆ, ಯಂತ್ರ ಸಿದ್ಧವಾಗೋಕೆ ಇನ್ನೂ ಸ್ವಲ್ಪ ಹೊತ್ತು ಬೇಕು, ಆದ ಮೇಲೆ ಚಿತ್ರ ತೆಗೆದು ಕಳಿಸ್ತೀನಿ, ನಿಮ್ಮವರು ನೋಡಿ ಹೇಳೋವರೆಗೆ ಇವನನ್ನ ಆಂಬುಲೆನ್ಸಿಗೆ ಎತ್ತೋಕೆ ನನಗೆ ಧೈರ್ಯ ಇಲ್ಲ, ದಾರಿ ತುಂಬಾ ಹಿಮ, ಒಂದು ಕುಲುಕಿಗೆ ಏನಾಗುತ್ತೋ. ಸ್ವಲ್ಪ ತಡೀರಿ ಡಾಕ್ಟ್ರೇ, ಇಲ್ಲಿ ಕರೆಂಟು ಹೋಗಿ ಬರುತ್ತೆ, ಬಂದ ತಕ್ಷಣ ಕಳಿಸಿ. ಬರುತ್ತೆ ತಾನೆ. ಬರುತ್ತೆ. ಸ್ರೆತೆನ್ ತುಂಡನ್ನು ಹಿಮಕ್ಕೆ ಒತ್ತಿ ಕಿಟಕಿಯ ಕಡೆ ತಿರುಗಿ ಹುಬ್ಬು ಹಾರಿಸಿದ, ನಾನು ಕೈ ಎತ್ತಿದೆ, ಆಯಿತು, ತೆಗಿ.

ಮೊದಲು ಆ ಕೆಮ್ಮುವ ಫ್ಯಾನು ನಿಂತಿತು, ಆಮೇಲೆ ಎಲ್ಲ, ಈ ಕೋಣೆಯಲ್ಲಿ ಇಷ್ಟು ನಿಶ್ಶಬ್ದವನ್ನು ನಾನು ಕೇಳಿಯೇ ಇಲ್ಲ, ನೀರಿನ ಪೈಪು, ಮೇಲಿನ ಮಹಡಿಯಲ್ಲಿ ಯಾರದೋ ಚಪ್ಪಲಿ, ಹೊರಗೆ ಕ್ರೇನು, ಕಪ್ಪು ಪರದೆಯಲ್ಲಿ ನನ್ನ ಮುಖ, ತಪ್ಪಿಲ್ಲ, ನಾನು ನೋಡಿದ್ದೇನೆ, ಓದಿ ಹೋಲಿಸಿದ್ದೇನೆ, ಆದರೂ, ಗ್ಯಾಸು ಆರಿಸಿದೆನೋ ಎಂದು ಹಿಂತಿರುಗುವ ಹಾಗೆ, ಮನಸ್ಸಿನಲ್ಲೇ ಇನ್ನೊಮ್ಮೆ ಎಣಿಸಿದೆ, ಬ್ರೆಜ್ನಾ, ಉಳಿದ ನಾಲ್ಕು, ಅತ್ತೆ ಈಗ ಏನು ಮಾಡುತ್ತಿರಬಹುದು, ಮೊದಲ ಅತಿಥಿಗಳು ಬಂದಿರಬಹುದು, ಸಿಹಿ ಗೋಧಿಯ ಬಟ್ಟಲು ಮುಂದೆ ಹಿಡಿದಿರಬಹುದು, ಒಂದು ಕೈಯಲ್ಲಿ ಬಟ್ಟಲು ಇನ್ನೊಂದು ಕೈ ಬತ್ತಿಗೆ, ನಡುಗುವ ಕೈ ಯಾವುದಕ್ಕೆ, ಬರ್ತೀನಮ್ಮಾ, ಇದೊಂದು ಎದ್ದರೆ ಬರ್ತೀನಿ. ಗಂಟಲು ಸರಿಮಾಡಿಕೊಂಡಂತೆ ಫ್ಯಾನುಗಳು ಹೊರಟವು, ಒಂದರ ಹಿಂದೆ ಒಂದು, ಕೆಮ್ಮುವುದು ಕೆಮ್ಮಿತು, ಫೈರ್‌ವಾಲಿನ ಮೊದಲ ದೀಪ ಹಸಿರು, ಅದು ಏನೂ ಅಲ್ಲ, ಎರಡನೆಯದು ಕಪ್ಪು, ಅದು ಡಿಸ್ಕಿನಿಂದ ಓದುತ್ತಿದೆ, ಸಾಲು ಸಾಲಾಗಿ, ನಾನು ಬರೆದದ್ದನ್ನು, ಓದು ಮಾರಾಯ, ನಿಧಾನಕ್ಕೆ ಓದು, ಅಲ್ಲೊಬ್ಬ ಮೇಜಿನ ಮೇಲೆ ಕಿರುಚುತ್ತಿದ್ದಾನೆ, ಆದರೂ ನಿಧಾನಕ್ಕೆ, ಹಿಂದೆ ಬಾಗಿಲು ತೆರೆದ ಸದ್ದು, ಹಿಮದ ವಾಸನೆ, ಏನಾಯ್ತು ತಂಗಿ ಎದ್ದವಾ ಎಂದು ಸ್ರೆತೆನ್, ನಾನು ತಿರುಗಲಿಲ್ಲ, ನನ್ನ ಕೈ ಆಗಲೇ ಎದ್ದಿತ್ತು, ಬಾಗಿಲಿನ ಗಾಳಿಗೂ ಆ ಪುಟ್ಟ ದೀಪಕ್ಕೂ ನಡುವೆ, ಗಾಳಿಗೆ ಆರುವ ದೀಪವಲ್ಲವೆಂದು ಗೊತ್ತು, ಆದರೂ ಅಂಗೈ ಅಲ್ಲೇ, ಬಾಗಿಸಿ, ಬೆರಳುಗಳನ್ನು ಸ್ವಲ್ಪ ಬಿಟ್ಟು, ನಡುಗದೆ, ಅಂಗೈ, ಬೆರಳುಗಳು, ಬೆರಳುಗಳ ಸಂದಿ ಕಪ್ಪು, ಕಪ್ಪು, ಇನ್ನೂ ಕಪ್ಪು — ಬೆರಳುಗಳ ಸಂದಿಯಲ್ಲಿ ಹಸಿರು.