ಪಾಲು ಕರೆಯುವ ಮೊದಲು

ನಮ್ಮ ದ್ವೀಪಕ್ಕೆ ಬರುವ ಹಡಗು ಸಂಜೆ ನಾಲ್ಕಕ್ಕೆ ಆಪಿಯಾ ಪಟ್ಟಣದ ಬಂದರು ಬಿಡುವುದಿತ್ತು. ಅಲ್ಲಿನ ಆಸ್ಪತ್ರೆಯಲ್ಲಿದ್ದ ನನ್ನ ತಂಗಿ ಲೆಪೆಕಾ ಆಪರೇಷನ್ನಿಗೆ ಹೆದರಿ ಅದನ್ನು ಹತ್ತಿಬಿಡುತ್ತಾಳೇನೋ ಎಂಬ ಭಯ ನನಗೆ. ಇಮೇಲ್ ಹಾಕುತ್ತೇನೆಂದಿದ್ದಳು. ಆ ವಾರ ಫೋನಿನಲ್ಲಿ ಮಾತು ಹಾಯುತ್ತಿರಲಿಲ್ಲ. ಮೂರು ದಿನವಾದರೂ ಆ ಇಮೇಲ್ ಕಾಗದ ನಮ್ಮ ಫಕಾಓಫೊ ದ್ವೀಪಕ್ಕೆ ಇಳಿದಿರಲಿಲ್ಲ.

ಊರಿಗೆಲ್ಲ ಒಂದೇ ವಿಳಾಸ, ಶಾಲೆಯ ಕಂಪ್ಯೂಟರಿನಲ್ಲಿ. ಗುಮಾಸ್ತ ಫಲನಿಕೊ ಅದನ್ನು ಬಲೆಯಂತೆ ಹೂಡಿದ್ದ: ಕಾಗದಗಳೆಲ್ಲ ಒಟ್ಟಿಗೆ ದಡಕ್ಕೆ ಬರಬೇಕು, ಆಮೇಲೆ ಹಂಚಿಕೆ. ಮೀನಿಗೂ ನಮ್ಮಲ್ಲಿ ಅದೇ ಕಟ್ಟಳೆ. ಹಿಡಿದದ್ದೆಲ್ಲ ಮರಳಿನ ಮೇಲೆ ರಾಶಿ ಬೀಳಬೇಕು. ಹಿರಿಯರಾದ ತಿತೊ ಮನೆಮನೆಯ ಹೆಸರು ಕೂಗುವವರೆಗೆ ಯಾರೂ ಮುಟ್ಟುವಂತಿಲ್ಲ. ಈ ಸಲ ಬಲೆಯಲ್ಲಿ ಯಾರದೋ ಮದುವೆಯ ಫೋಟೊಗಳು ಸಿಕ್ಕಿದ್ದವು. ಉಪಗ್ರಹದ ಬಡಕಲು ಲೈನು ಅವನ್ನು ಎಳೆಯಲಾರದೆ ನಡುವೆಯೇ ಕಡಿಯುತ್ತಿತ್ತು, ಮತ್ತೆ ಮೊದಲಿನಿಂದ.

ವೆಲಿಂಗ್ಟನ್ನಿನಲ್ಲಿ ಕಚೇರಿ ಗುಡಿಸುತ್ತಿದ್ದ ಕಾಲದಲ್ಲಿ ಸಂಜೆ ತರಗತಿಯಲ್ಲಿ ಕಲಿತ ಹಳೆಯ ಪ್ರೋಗ್ರಾಂ ಒಂದು ನನಗೆ ಗೊತ್ತಿತ್ತು. ಚಿತ್ರವಿಲ್ಲ, ಬರೀ ಅಕ್ಷರ. ಕಾಗದ ಆಪಿಯಾದ ಯಂತ್ರದಲ್ಲೇ ಇರುತ್ತದೆ. ಇಲ್ಲಿಂದ ಪಟ್ಟಿ ನೋಡಿ, ಬೇಕಾದ್ದನ್ನಷ್ಟೇ ತೆರೆದು ಓದಬಹುದು. ಬೆಳಿಗ್ಗೆಯಿಂದ ಕೂತು ಆ ಯಂತ್ರದ ಹೆಸರು, ನಮ್ಮ ಹೆಸರು, ಪಾಸ್‌ವರ್ಡು ಒಂದೊಂದೇ ತುಂಬಿದೆ. ಒಂದು ಚುಕ್ಕೆ ಬಿಟ್ಟುಹೋಗಿ ಎರಡು ಸಲ ನನ್ನನ್ನು ಹೊರಗೆ ತಳ್ಳಿತು. ಎರಡು ಗಂಟೆಗೆ ಕಪ್ಪು ಪರದೆಯ ಮೇಲೆ ನಲವತ್ತೊಂದು ಸಾಲು ಮೂಡಿದವು. ಮೂವತ್ತೇಳನೆಯದರ ತಲೆಬರಹದಲ್ಲಿ ನಮ್ಮ ಮನೆಯ ಹೆಸರು, ಲೆಪೆಕಾಳ ಹೆಸರು.

ಆ ಸಾಲಿಗೆ ಇಳಿಯಲು ಕೀಲಿ ಒತ್ತುವಷ್ಟರಲ್ಲಿ ಫಲನಿಕೊ ಕೈ ಅಡ್ಡ ಇಟ್ಟ.

“ರಾಶಿಯಿಂದ ನಿನ್ನ ಮೀನು ಮೊದಲೇ ಎತ್ಕೊಳ್ತೀಯೇನಕ್ಕ?”

“ಇದು ಮೀನಲ್ಲ ಕಣೋ.”

“ಮತ್ತೆ ಮೂರು ದಿನದಿಂದ ಬೆಕ್ಕಿನ ಥರ ಯಾಕೆ ಸುತ್ತಾ ಇದ್ದೀಯ?”

ಬಾಗಿಲಲ್ಲಿ ನೆರೆದ ಹೆಂಗಸರು ನಕ್ಕರು. ನನಗೆ ನಗು ಬರಲಿಲ್ಲ. ಹೆಂಗಸರೇ ತಿತೊಗೆ ಹೇಳಿಕಳಿಸಿದರು. ತಿತೊ ಬಂದು ಸ್ಟೂಲಿನ ಮೇಲೆ ಕೂತು ಮೊದಲ ಸಾಲಿನಿಂದ ಹೆಸರು ಕೂಗಿದರು, ನಾನು ಒಂದೊಂದನ್ನೂ ತೆರೆದು ಓದಿದೆ. ಯಾರಿಗೋ ಮೊಮ್ಮಗು ಹುಟ್ಟಿತ್ತು, ಯಾರದೋ ದೋಣಿಯ ಮೋಟಾರು ಮುಂದಿನ ಹಡಗಿಗೆ. ಗಡಿಯಾರ ಬೆನ್ನ ಹಿಂದಿತ್ತು. ಕತ್ತು ತಿರುಗಿಸಿ ತಿರುಗಿಸಿ ನೋಯತೊಡಗಿತು. ಇಪ್ಪತ್ತೊಂಬತ್ತರಲ್ಲಿ ಲೈನು ಕಡಿಯಿತು. ಕಾಗದ ಆಚೆಯೇ ಇದ್ದುದರಿಂದ ಬಿಟ್ಟಲ್ಲಿಂದಲೇ ಹಿಡಿದೆವು.

ಮೂರೂವರೆಗೆ ನನ್ನ ಮನೆಯ ಹೆಸರು ಬಂತು.

ವಾರ್ಡಿನ ನರ್ಸಿನ ವಿಳಾಸದಿಂದ ಲೆಪೆಕಾ ಎರಡೇ ಸಾಲು ಬರೆದಿದ್ದಳು. ಬುಧವಾರ ಹೊಟ್ಟೆ ಕೊಯ್ಯುತ್ತಾರಂತೆ, ಇಲ್ಲಿ ಒಬ್ಬಳೇ ಇರಲಾರೆ. ನೀನು ಬೇಡವೆನ್ನದಿದ್ದರೆ ಹಡಗು ಹತ್ತುತ್ತೇನೆ.

ಗಟ್ಟಿಯಾಗಿಯೇ ಓದಿದ್ದೆ. ಬೇಡವೆಂದು ಬರೆಯಲು ಬೆರಳು ಏಳಲಿಲ್ಲ. ಒಬ್ಬಳೇ ಇರು ಎಂದು ಯಾವ ಬಾಯಲ್ಲಿ ಹೇಳಲಿ?

“ಬರೆಯಮ್ಮ,” ಎಂದರು ತಿತೊ. “ನನ್ನ ಸೊಸೆ ಅಲ್ಲೇ ಇದ್ದಾಳೆ, ಪಕ್ಕದಲ್ಲಿ ಮಲಗ್ತಾಳೆ ಅನ್ನು.”

ಬಾಗಿಲಿನಿಂದ ಇನ್ನೊಬ್ಬಳು ತನ್ನಣ್ಣ ಸಾರು ತಂದುಕೊಡುತ್ತಾನೆಂದಳು. ಫಲನಿಕೊ ಆಪಿಯಾದಲ್ಲಿದ್ದ ತನ್ನ ಚಿಕ್ಕಮ್ಮನ ಹೆಸರನ್ನು ಚೀಟಿಯಲ್ಲಿ ಬರೆದು ಮುಂದಿಟ್ಟ. ಎಲ್ಲವನ್ನೂ ಸೇರಿಸಿ, ಹತ್ತಬೇಡ ಎಂದು ಕೊನೆಯಲ್ಲಿ ಬರೆದು, ನಾಲ್ಕಕ್ಕೆ ಹನ್ನೆರಡು ನಿಮಿಷವಿದ್ದಾಗ ಕಳಿಸಿದೆ.

ಆಮೇಲಿನ ಎರಡು ದಿನ ನಾನು ಕೂತಲ್ಲಿ ಕೂರಲಿಲ್ಲ. ಹಡಗು ಬಂದು ಹವಳದ ದಂಡೆಯಾಚೆ ನಿಂತಿತು. ದೋಣಿಯಿಂದ ಇಳಿದ ಒಂದೊಂದು ಮುಖವನ್ನೂ ನೋಡಿದೆ.

“ಬಂದಳಾ?” ಎಂದರು ತಿತೊ.

“ಬರ್ಲಿಲ್ಲ,” ಎಂದೆ, ಮತ್ತು ಆಗ ಮರಳಿನ ಮೇಲೆ ಕೂತೆ.