ಕರುಳಿನ ತಂತಿ

"ಇನ್ನೂ ಶ್ರುತಿ ಮಾಡೋದೇ ಮುಗಿದಿಲ್ವಾ ಇವರದ್ದು?" ಅಮ್ಮ ಮುಂದಿನ ಕುರ್ಚಿಯ ಬೆನ್ನಿಗೆ ಕೈಯೂರಿ ವೇದಿಕೆಯ ಕಡೆ ಇಣುಕಿದಳು.

"ಹಳೇ ಕಾಲದ ವಾದ್ಯಗಳಲ್ವಾಮ್ಮ. ಹೊತ್ತು ಹಿಡಿಯುತ್ತೆ," ಎಂದಳು ಹಿರಿಯ ಮಗಳು.

ಅಮ್ಮನ ಆ ಪಕ್ಕ ಅತ್ತೆ ಕೂತಿದ್ದಳು. ತೀರಿಕೊಂಡ ಅಪ್ಪನ ಒಬ್ಬಳೇ ತಂಗಿ. ಪಿಸುಗುಟ್ಟುವ ವಿದ್ಯೆ ಅವಳಿಗೆ ಹುಟ್ಟಿನಿಂದಲೇ ಒಲಿದಿರಲಿಲ್ಲ. "ಇದೇ ಕಛೇರಿ ಇದ್ರೂ ಇರಬಹುದು ಅತ್ತಿಗೆ. ಚಪ್ಪಾಳೆ ಹೊಡೆದುಬಿಡೋಣ, ಬೇಗ ಮನೆ ಸೇರಬಹುದು," ಎಂದಳು. ಹಿಂದಿನ ಸಾಲಿನವರು ನಕ್ಕರು. ಅಮ್ಮನೂ ನಕ್ಕಳು. ಬಹಳ ದಿನಗಳ ಮೇಲೆ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಕೂದಲಿಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದಳು. ಗಂಡನ ಪಿಟೀಲು ಕೇಳಲು ಬಂದಿದ್ದಳು.

ಅದೇ ಹಿರಿಯವಳನ್ನು ಕಾಡುತ್ತಿದ್ದ ಸಂಗತಿ.

ಅಪ್ಪ ಬದುಕಿರುವವರೆಗೂ ಆ ಪಿಟೀಲು ಅವನ ಅನ್ನವಾಗಿತ್ತು. ಹೋಟೆಲುಗಳಲ್ಲಿ, ಮದುವೆಗಳಲ್ಲಿ, ರೇಡಿಯೊ ಕೇಂದ್ರದ ವಾದ್ಯವೃಂದದಲ್ಲಿ ನುಡಿಸಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದ್ದ. ಅವನು ಹೋದ ಮೇಲೆ ಅದು ಬೀರುವಿನ ಮೇಲೆ ಧೂಳು ತಿನ್ನುತ್ತಿತ್ತು. ಆಮೇಲೊಂದು ದಿನ ಅಮ್ಮನೇ ಅದನ್ನು ಇಳಿಸಿ, ಪೆಟ್ಟಿಗೆ ಒರೆಸಿ, ಕಿರಿಯ ಮಗಳ ಕೈಗೆ ಕೊಟ್ಟಳು. ಕಿರಿಯವಳಿಗೆ ಮನೆಯಲ್ಲಿ ಗುಬ್ಬಿ ಎಂದು ಹೆಸರು. "ನಿಮ್ಮಪ್ಪನ ದನಿ ಇದರಲ್ಲಿದೆ, ಜೋಪಾನ," ಎಂದಿದ್ದಳು. ಗುಬ್ಬಿ ಅಪ್ಪನಂತೆ ಸಿಕ್ಕಿದ್ದನ್ನೆಲ್ಲ ನುಡಿಸುವವಳಲ್ಲ. ಮುನ್ನೂರು ವರ್ಷ ಹಿಂದಿನ ಸಂಗೀತವನ್ನು ಆ ಕಾಲದ ವಾದ್ಯಗಳಲ್ಲೇ ನುಡಿಸಬೇಕೆಂಬ ಹಟದ ಒಂದು ಸಣ್ಣ ತಂಡ ಸೇರಿದ್ದಳು.

ಪಿಟೀಲಿನ ಹೊಟ್ಟೆಯಲ್ಲಿ ಬಿರುಕು ಕಂಡು ರಿಪೇರಿಗೆ ಒಯ್ದಾಗ ರಿಪೇರಿಯವನು ಒಳಗೆ ದೀಪ ಬಿಟ್ಟು ನೋಡಿ, "ಇದರ ಕತ್ತು ಇದರದ್ದಲ್ಲಮ್ಮ. ಇದು ತುಂಬ ಹಳೇ ಪಿಟೀಲು. ಯಾರೋ ಆಮೇಲೆ ಕತ್ತು ತೆಗೆದು ಉದ್ದದ್ದು ಕೂರಿಸಿದಾರೆ. ಬೇಕಾದ್ರೆ ಮೊದಲಿದ್ದ ಹಾಗೆ ಮಾಡಿಕೊಡ್ತೀನಿ," ಎಂದಿದ್ದ. ಗುಬ್ಬಿ ಅಲ್ಲಿಂದ ನೇರ ಅಕ್ಕನ ಕನ್ನಡಕದಂಗಡಿಗೆ ಓಡಿ ಬಂದಿದ್ದಳು. "ಅಮ್ಮ ಬೇಡ ಅಂದ್ರೆ ಮುಟ್ಟಲ್ಲ ಅಕ್ಕ. ಆದ್ರೆ ಕೇಳೋಕೆ ನಂಗೆ ಧೈರ್ಯ ಇಲ್ಲ. ನೀನು ಕೇಳ್ತೀಯಾ?"

"ಕೇಳ್ತೀನಿ ಬಿಡು," ಎಂದಿದ್ದಳು ಹಿರಿಯವಳು. ಜಗಳ ಅವಳಿಗೆ ಆಗದು. ಅಂಗಡಿಯಲ್ಲಿ ಗಿರಾಕಿಯ ಕಣ್ಣಿಗೆ ಒಂದಾದ ಮೇಲೊಂದು ಗಾಜು ಹಿಡಿದು, "ಈಗ? ಈಗ ಸರಿ ಕಾಣ್ಸುತ್ತಾ?" ಎಂದು ಕೇಳಿ ಕೇಳಿ, ಎದುರಿನವರು ಸರಿ ಎನ್ನುವವರೆಗೆ ಸಮಾಧಾನವಿಲ್ಲದ ಜೀವ. ಅಮ್ಮನ ಮನೆಗೆ ಹೋದಳು. ಅಮ್ಮ ಅಪ್ಪನ ಹಳೆಯ ಅಂಗಿಯನ್ನು ಮಡಿಸುತ್ತಿದ್ದಳು, ಮಡಿಸಿದ್ದನ್ನೇ ಮತ್ತೆ ಬಿಚ್ಚಿ ಮಡಿಸುತ್ತಿದ್ದಳು. ಹಿರಿಯವಳು ಪಿಟೀಲಿನ ಮಾತೆತ್ತದೆ ವಾಪಸಾದಳು. ಗುಬ್ಬಿ ಫೋನು ಮಾಡಿ "ಕೇಳಿದ್ಯಾ?" ಎಂದಾಗ, "ಕೇಳ್ದೆ. ಹೂಂ ಅಂದ್ಲು," ಎಂದುಬಿಟ್ಟಳು. ಆಮೇಲೆ ಹೇಳಿದರಾಯಿತು ಎಂದುಕೊಂಡಳು. ಆ 'ಆಮೇಲೆ' ಇವತ್ತಿನವರೆಗೂ ಬಂದಿರಲಿಲ್ಲ.

ದೀಪಗಳು ಮಂಕಾದವು. ಗುಬ್ಬಿ ಒಳಗಿನಿಂದ ಬಂದು ತಂಡದ ಮುಂದೆ ನಿಂತಳು. ಅಮ್ಮನ ಮುಖ ಅರಳಿತು, ಮರುಕ್ಷಣ ಹುಬ್ಬು ಕೂಡಿದವು.

"ಗದ್ದದ ಪಟ್ಟಿ ಎಲ್ಲಿ?"

ಅಪ್ಪನ ಗದ್ದ ಊರಿ ಊರಿ ಸವೆದಿದ್ದ ಕರಿಮರದ ಪಟ್ಟಿ ಅದು. "ಹಳೇ ಪದ್ಧತೀಲಿ ಹಾಕಲ್ವಂತಮ್ಮ. ತೆಗೆದಿಟ್ಟಿದಾಳೆ," ಎಂದಳು ಹಿರಿಯವಳು. ಅದಂತೂ ಸುಳ್ಳಲ್ಲ.

ಕಮಾನುಗಳು ಒಟ್ಟಿಗೆ ಇಳಿದವು. ಒಂಟಿ ಪಿಟೀಲು ಒಂದು ಕಡೆ, ಮಿಕ್ಕ ವಾದ್ಯಗಳೆಲ್ಲ ಇನ್ನೊಂದು ಕಡೆ ನಿಂತು ಮಾತಿಗೆ ಮಾತು ಕೊಡುವಂಥ ರಚನೆ. ಮೊದಲು ತಂಡ ಮಾತಾಡಿತು. ಪಿಯಾನೋದ ಅಜ್ಜಿಯಂತಿದ್ದ ವಾದ್ಯವೊಂದು ಹಿಂದಿನಿಂದ ಚಿಟಿಪಿಟಿ ಎನ್ನುತ್ತಿತ್ತು. ಸಭೆಗೆ ಶಬ್ದ ಸಾಲಲಿಲ್ಲ. ಜನ ಕುರ್ಚಿಯಂಚಿಗೆ ಸರಿದರು, ಕೆಮ್ಮುವವರು ಕೆಮ್ಮು ನುಂಗಿದರು. ಮುಂದಿನ ಸಾಲಿನ ಬೋಳುತಲೆಯವನು ಹೆಂಡತಿಯ ಕಿವಿಗೆ ಬಾಗಿ, "ಮೈಕು ಕೆಟ್ಟಿದೆಯಾ?" ಎಂದ. "ಮೈಕೇ ಇಲ್ಲ," ಎಂದಳು ಅವಳು, ಕಣ್ಣು ಕದಲಿಸದೆ.

ಆಮೇಲೆ ಗುಬ್ಬಿಯ ಸರದಿ.

ಅಪ್ಪನ ಪಿಟೀಲಿನ ದನಿ ಜೇನಿನಂತೆ ಇಳಿಯುತ್ತಿತ್ತು, ಎಳೆದಷ್ಟೂ ಹೊಳೆಯುತ್ತಿತ್ತು. ಈಗ ಬಂದದ್ದು ಬೇರೆಯೇ. ಒಣಗಿದ, ತುಸು ಒರಟಾದ, ಯಾರೋ ಹತ್ತಿರ ಕೂತು ಗಂಟಲು ಸರಿ ಮಾಡಿಕೊಂಡು ಮಾತಿಗಾರಂಭಿಸಿದಂಥ ದನಿ. ಸ್ವರವೂ ರೂಢಿಗಿಂತ ಕೆಳಗೆ. ಹಿರಿಯವಳು ವೇದಿಕೆ ನೋಡಲಿಲ್ಲ. ಅಮ್ಮನ ಮುಖವನ್ನೇ ಓರೆಗಣ್ಣಿನಿಂದ ನೋಡುತ್ತಿದ್ದಳು. ಅಮ್ಮ ತಲೆಯನ್ನು ಒಂದು ಕಡೆ ವಾಲಿಸಿದಳು, ಇನ್ನೊಂದು ಕಡೆ ವಾಲಿಸಿದಳು. ಗದ್ದಲದಲ್ಲಿ ತಪ್ಪಿಸಿಕೊಂಡವರನ್ನು ಹುಡುಕುವವಳಂತೆ.

"ಇದು ನಮ್ಮ ಪಿಟೀಲಲ್ಲ," ಎಂದಳು ಕೊನೆಗೆ.

"ಅದೇ ಅಮ್ಮ."

"ಮೂವತ್ತೈದು ವರ್ಷ ಕೇಳಿದೀನಿ. ಇದಲ್ಲ ಅದು."

ಅತ್ತೆ ಬಾಗಿದಳು. "ಅಣ್ಣಂದು ಹೀಗೆ ಕುಂಯ್‌ಗುಡ್ತಿರ್ಲಿಲ್ಲಪ್ಪ." ಹಿಂದಿನಿಂದ ಯಾರೋ "ಶ್" ಎಂದರು.

ಮೊದಲ ಭಾಗ ಮುಗಿಯಿತು. ಸಭೆಯಲ್ಲಿ ಅರ್ಧ ಜನ ಚಪ್ಪಾಳೆ ತಟ್ಟಿದರು, ಮಿಕ್ಕರ್ಧ ನಡುವೆ ತಟ್ಟಬಾರದೆನ್ನುವಂತೆ ಅವರನ್ನು ದುರುಗುಟ್ಟಿ ನೋಡಿದರು. ಒಬ್ಬ ದಢೂತಿ ಮನುಷ್ಯ ಎಲ್ಲರ ಮೊಣಕಾಲು ತುಳಿಯುತ್ತ ಎದ್ದು ಹೊರಗೆ ಹೋದ. ವಾದಕರು ಮತ್ತೆ ಶ್ರುತಿಗೆ ಕಿವಿಗೊಟ್ಟರು. ಅಮ್ಮ ಹಿರಿಯ ಮಗಳ ಮುಂಗೈ ಹಿಡಿದುಕೊಂಡಳು. "ಮಾರಿಬಿಟ್ಲಾ? ನಿಜ ಹೇಳು. ಮಾರಿ ಬೇರೇದು ತಗೊಂಡಿದಾಳಾ?"

ಇನ್ನು ತಡೆಯುವುದಾಗಲಿಲ್ಲ. "ಮಾರಿಲ್ಲಮ್ಮ. ಅದೇ ಪಿಟೀಲು. ಕತ್ತು ಬದಲಾಯಿಸಿದಾರೆ. ಮೊದಲು ಹೇಗಿತ್ತೋ ಹಾಗೆ. ತಂತಿನೂ ಉಕ್ಕಿಂದಲ್ಲ, ಕರುಳಿಂದು."

"ಕರುಳಿಂದಾ?"

"ಕುರಿ ಕರುಳಿಂದು."

"ಅದಕ್ಕೇ ಮೇ ಅಂತಿದೆ," ಎಂದಳು ಅತ್ತೆ.

ಅಮ್ಮ ನಗಲಿಲ್ಲ. ಕೈ ಹಿಂದಕ್ಕೆಳೆದುಕೊಂಡು ತೊಡೆಯ ಮೇಲಿಟ್ಟು ಅದನ್ನೇ ನೋಡುತ್ತಾ ಕೂತಳು. ನಿಧಾನಗತಿಯ ಎರಡನೆಯ ಭಾಗ ಆರಂಭವಾಯಿತು. ಸುತ್ತಲಿನವರು ಉಸಿರು ಹಿಡಿದದ್ದು ಹಿರಿಯವಳಿಗೆ ಗೊತ್ತಾಗುತ್ತಿತ್ತು. ಬೋಳುತಲೆಯವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ, ಅವನ ಹೆಂಡತಿ ಅದನ್ನು ಕಂಡೂ ಕಾಣದವಳಂತಿದ್ದಳು. ಹಿರಿಯವಳ ಕಿವಿಗೆ ಮಾತ್ರ ಒಂದು ಸ್ವರವೂ ಇಳಿಯಲಿಲ್ಲ. ಅಮ್ಮನ ಮೂಗಿನಿಂದ ಬರುತ್ತಿದ್ದ ಗಟ್ಟಿ ಉಸಿರೊಂದೇ ಕೇಳುತ್ತಿತ್ತು.

ಮೂರನೆಯ ಭಾಗ ಕುದುರೆಯ ಓಟದಂತೆ ಹೊರಟಿತು. ಗುಬ್ಬಿ ಎಲ್ಲಕ್ಕಿಂತ ತೆಳು ತಂತಿಯ ತುದಿಗೆ ಬೆರಳು ಏರಿಸಿದ್ದಳಷ್ಟೇ, ಟಪ್ ಎಂದಿತು. ಕಡಿದ ತಂತಿ ಹಾರಿ ಅವಳ ಕೆನ್ನೆಗೆ ಬಡಿಯಿತು. ಒಂದೆರಡು ವಾದ್ಯ ಮುಂದೆ ಓಡಿ, ಹಿಂತಿರುಗಿ ನೋಡಿ ನಿಂತವು. ಯಾರೋ ನಕ್ಕರು. ಗುಬ್ಬಿ ಏನನ್ನೋ ಹೇಳಲು ಬಾಯಿ ತೆರೆದು, ಹೇಳದೆ ಒಳಗೆ ನಡೆದಳು.

"ಅಣ್ಣನ ಕೈಲಿ ಒಂದಿನ ಕಡಿದದ್ದಿಲ್ಲ," ಎಂದಳು ಅತ್ತೆ, ಇಡೀ ಸಭೆಗೆ ಕೇಳುವಂತೆ.

ಅಮ್ಮ ಎದ್ದು ನಿಂತಳು.

"ಎಲ್ಲಿಗಮ್ಮ? ಕೂತ್ಕೊ. ಈಗ ಬೇಡ," ಎಂದು ಹಿರಿಯವಳು ಸೆರಗು ಹಿಡಿದಳು. ಅಮ್ಮ ಸೆರಗು ಬಿಡಿಸಿಕೊಂಡು, ಸಾಲು ದಾಟಿ, ಪಕ್ಕದ ಬಾಗಿಲಿನಿಂದ ಹೊರಟೇ ಹೋದಳು. ಹಿರಿಯವಳು ಹಿಂದೆಯೇ ಓಡಿದಳು. ಅಡ್ಡ ಬಂದ ಸಂಗೀತ ಸಭೆಯ ಕಾರ್ಯದರ್ಶಿ "ಒಳಗೆ ಬಿಡಲ್ಲ" ಎಂದು ಆರಂಭಿಸಿದ. "ನಾನು ಅವಳ ತಾಯಿ," ಎಂದಳು ಅಮ್ಮ. ಅವನು ಗೋಡೆಗೆ ಅಂಟಿಕೊಂಡು ದಾರಿ ಕೊಟ್ಟ.

ವೇದಿಕೆಯ ಹಿಂದಿನ ಕೋಣೆಯಲ್ಲಿ ಮಡಚಿದ ಕುರ್ಚಿಗಳ ರಾಶಿಯ ನಡುವೆ ಗುಬ್ಬಿ ಮಂಡಿಯೂರಿ ಕೂತಿದ್ದಳು. ಕೆನ್ನೆಯ ಮೇಲೆ ಕೆಂಪು ಗೆರೆ ಎದ್ದಿತ್ತು. ಹೊಸ ತಂತಿಯನ್ನು ಬಿರಡೆಯ ತೂತಿಗೆ ಪೋಣಿಸಲು ಹೆಣಗುತ್ತಿದ್ದಳು. ತುದಿ ತೂತು ತಪ್ಪುತ್ತಿತ್ತು.

"ಯಾರನ್ನ ಕೇಳಿ ಅದರ ಕತ್ತಿಗೆ ಕೈ ಹಾಕಿದೆ?" ಎಂದಳು ಅಮ್ಮ.

ಗುಬ್ಬಿ ತಲೆಯೆತ್ತಿದಳು. "ನಿನ್ನನ್ನೇ ಕೇಳಿ! ನೀನು ಹೂಂ ಅಂದೆ ಅಂತ ಅಕ್ಕ..." ಮಾತು ಅಲ್ಲೇ ನಿಂತಿತು. ಅವಳು ಅಕ್ಕನನ್ನು ನೋಡಿದಳು. ಅಮ್ಮನೂ ತಿರುಗಿದಳು.

"ಹೇಳ್ಬೇಕು ಅಂತಲೇ ಇದ್ದೆ," ಎಂದಳು ಹಿರಿಯವಳು. "ಬಂದಾಗಲೆಲ್ಲ ಹೇಳ್ಬೇಕು ಅಂತ... ನೀನು ಅಪ್ಪನ ಅಂಗಿ ಹಿಡ್ಕೊಂಡು ಕೂತಿರ್ತಿದ್ದೆ. ಗುಬ್ಬಿಗೆ ತಂಡದ ಮುಂದೆ ನಿಂತು ನುಡಿಸೋ ಅವಕಾಶ ಬಂದಿತ್ತು. ಇಬ್ಬರಿಗೂ ನೋವಾಗಬಾರದು ಅಂತ..."

"ನಾನು ಇಷ್ಟು ದಿನ ಅಮ್ಮ ಮನಸಾರೆ ಒಪ್ಪಿದಾಳೆ ಅಂದ್ಕೊಂಡು ಬಾರಿಸ್ತಿದ್ದೆ ಅಕ್ಕ," ಎಂದಳು ಗುಬ್ಬಿ. ಸಿಟ್ಟೂ ಇರಲಿಲ್ಲ ಆ ದನಿಯಲ್ಲಿ. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು.

ಅಮ್ಮ ಹಿರಿಯ ಮಗಳತ್ತ ಒಂದು ಹೆಜ್ಜೆ ಇಟ್ಟಳು. "ಅವಳ ಹತ್ರ ನನ್ನ ಹೂಂ ಕೂಡ ನೀನೇ ಅಂದೆ. ನಿನ್ನ ಮನಸ್ಸಲ್ಲಿ ನನ್ನ ಉಹೂಂ ಕೂಡ ನೀನೇ ಅಂದ್ಕೊಂಡೆ. ನನಗೆ ಅಂತ ಏನುಳಿಸಿದೆ?"

ಕಾರ್ಯದರ್ಶಿ ಬಾಗಿಲಿನಲ್ಲಿ ತಲೆ ಹಾಕಿ, "ತುಂಬಾ ಹೊತ್ತಾಗುತ್ತಾ? ಜನ ಏಳ್ತಿದಾರೆ," ಎಂದ. ಗುಬ್ಬಿ ಮತ್ತೆ ಬಿರಡೆ ತಿರುಗಿಸಿದಳು. ಅದು ಜಾರಿತು, ತಂತಿ ಸುರುಳಿ ಬಿಚ್ಚಿಕೊಂಡಿತು.

ಅಮ್ಮ ನೆಲದ ಮೇಲೆ ಕೂತಳು. ಪಿಟೀಲನ್ನು ಮಗಳ ಕೈಯಿಂದ ತೆಗೆದುಕೊಂಡು, ಬುಡವನ್ನು ತನ್ನ ಹೊಟ್ಟೆಗೆ ಆನಿಸಿ, ಒಂದು ಕೈಯಲ್ಲಿ ಒಡಲನ್ನು ಅವಚಿ, ಇನ್ನೊಂದರ ಎರಡು ಬೆರಳಿನಿಂದ ತಂತಿ ಹೊರುವ ಮರದ ಕುದುರೆ ವಾಲದಂತೆ ಹಿಡಿದಳು. ಹೇಗೆ ಹಿಡಿಯಬೇಕೆಂದು ಯಾರೂ ಹೇಳಲಿಲ್ಲ. ಅಪ್ಪ ತಂತಿ ಬದಲಿಸುವಾಗಲೆಲ್ಲ ಹೀಗೆ ಹಿಡಿದು ಕೊಟ್ಟವಳೇ ಅವಳು.

"ಒತ್ತಿ ತಿರುಗಿಸು. ಒಳಗೆ ಒತ್ತಿ," ಎಂದಳು.

ಗುಬ್ಬಿ ಒತ್ತಿ ತಿರುಗಿಸಿದಳು. ಈ ಸಲ ಬಿರಡೆ ಕಚ್ಚಿಕೊಂಡಿತು. ಬೆರಳಿನಿಂದ ಮೀಟಿದಳು, ಬಿಗಿದಳು, ಮತ್ತೆ ಮೀಟಿದಳು. ಪ್ರತಿ ಮೀಟಿಗೂ ಮರದ ಒಡಲು ಅಮ್ಮನ ಹೊಟ್ಟೆಗೆ ಗುಂಯ್ ಎನ್ನುತ್ತಿದ್ದಿರಬೇಕು. ಅವಳು ಕಣ್ಣು ಮುಚ್ಚಿದ್ದಳು. ಹಿರಿಯವಳು ನಿಂತಲ್ಲೇ ನಿಂತಿದ್ದಳು. ಆ ಇಬ್ಬರ ನಡುವೆ ಕೈ ಹಾಕಲು ಅವಳಿಗೆ ಕೆಲಸವೇ ಇರಲಿಲ್ಲ.

"ಹಗುರ ಆಗಿದೆ," ಎಂದಳು ಅಮ್ಮ.

"ಹೂಂ ಅಮ್ಮ. ಎಷ್ಟೋ ಮರ ತೆಗೆದಿದಾರೆ."

"ಅಪ್ಪನ ದನಿ ಹೋಯ್ತು."

ಹೋಗಿಲ್ಲ ಎಂದು ಗುಬ್ಬಿ ಹೇಳಬಹುದಿತ್ತು. ಹೇಳಲಿಲ್ಲ. "ಹೋಯ್ತಮ್ಮ," ಎಂದಳು.

ಅಮ್ಮ ತಲೆಯಾಡಿಸಿ ಪಿಟೀಲನ್ನು ಅವಳ ಕೈಗಿಟ್ಟಳು. "ಏಳು. ಜನ ಕಾಯ್ತಿದಾರೆ. ನಾನಿಲ್ಲೇ ಕೂತಿರ್ತೀನಿ." ಹಿರಿಯವಳ ಕಡೆ ತಿರುಗದೆಯೇ, "ನೀನು ಹೋಗಿ ಅತ್ತೆ ಹತ್ರ ಕೂತ್ಕೊ," ಎಂದಳು.

ಹಿರಿಯವಳು ಕತ್ತಲಲ್ಲಿ ತಡವರಿಸುತ್ತಾ ತನ್ನ ಜಾಗಕ್ಕೆ ಬಂದು ಕೂತಳು. "ಏನಾಯ್ತೇ?" ಎಂದಳು ಅತ್ತೆ. "ಏನಿಲ್ಲ" ಎನ್ನಲು ಬಾಯಿ ತೆರೆದವಳು ತಡೆದಳು. "ನಾನು ತಪ್ಪು ಮಾಡ್ದೆ ಅತ್ತೆ. ಆಮೇಲೆ ಹೇಳ್ತೀನಿ," ಎಂದಳು. ಅತ್ತೆ, ಆಯುಷ್ಯದಲ್ಲೇ ಮೊದಲ ಸಲವೇನೋ, ಮರುಪ್ರಶ್ನೆ ಹಾಕಲಿಲ್ಲ.

ಮೂರನೆಯ ಭಾಗ ಮೊದಲಿನಿಂದ ಆರಂಭವಾಯಿತು. ಗುಬ್ಬಿ ಈಗ ಯಾರನ್ನೂ ಮೆಚ್ಚಿಸುವ ಗೊಡವೆಗೆ ಹೋಗಲಿಲ್ಲ. ಕಮಾನು ತಂತಿಯನ್ನು ಕಚ್ಚಿತು, ಕೆಣಕಿತು, ತಂಡ ಒಂದಂದರೆ ತಾನು ಎರಡಂದಿತು. ಹೊಸ ತಂತಿ ಇನ್ನೂ ಪಳಗಿರಲಿಲ್ಲ, ನಡುನಡುವೆ ಇಳಿಯುತ್ತಿತ್ತು. ಅವಳು ಬೆರಳಿನಿಂದಲೇ ಅದನ್ನು ಮೇಲಕ್ಕೆ ಎತ್ತಿ ನಿಲ್ಲಿಸುತ್ತಿದ್ದಳು. ಪ್ರತಿ ಏರಿನಲ್ಲೂ ಈಗ ಕಡಿದೀತು, ಈಗ ಕಡಿದೀತು ಎಂದು ಸಭೆಯೇ ಬಿಗಿಹಿಡಿದು ಕೂತಿತ್ತು. ಅತ್ತೆ ಹಿರಿಯವಳ ತೋಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು, ಉಗುರು ಚುಚ್ಚುತ್ತಿತ್ತು. ಕೊನೆಯ ಸ್ವರ ಮುಗಿದಾಗ ಅತ್ತೆಯ ಹಿಡಿತ ಸಡಿಲಿತು. ಆಮೇಲೆ ಚಪ್ಪಾಳೆ ಬಿತ್ತು.

ಹೊರಗೆ ಬರುವಾಗ ಮೆಟ್ಟಿಲ ಮೇಲೆ ತಲೆಗೊಂದು ಮಾತು. "ಹಳೇ ಬಾಗಿಲು ಕಿರುಗುಟ್ಟಿದ ಹಾಗಿತ್ತು," ಎಂದನೊಬ್ಬ. "ನಂಗೆ ಮೈ ಜುಂ ಅಂತು ಕಣೋ," ಎಂದ ಅವನ ಜೊತೆಯವನು. ಬೋಳುತಲೆಯವನು ಹೆಂಡತಿಯ ಕೈ ಹಿಡಿದು ಮೆಟ್ಟಿಲಿಳಿದ.

"ಹೇಗಿತ್ತು ಅತ್ತಿಗೆ?" ಎಂದಳು ಅತ್ತೆ, ಬಸ್ ನಿಲ್ದಾಣದಲ್ಲಿ.

"ಗೊತ್ತಾಗ್ಲಿಲ್ಲ," ಎಂದಳು ಅಮ್ಮ. "ಇನ್ನೊಂದ್ಸಲ ಕೇಳ್ಬೇಕು."

ಬಸ್ಸು ಬಂತು. ಗುಬ್ಬಿ ಪಿಟೀಲಿನ ಪೆಟ್ಟಿಗೆ ತಬ್ಬಿಕೊಂಡು ಅತ್ತೆಯ ಜೊತೆ ಮುಂದೆ ಕೂತಳು. ಅಮ್ಮ ಅವರ ಹಿಂದಿನ ಸೀಟಿನ ಕಿಟಕಿಗೆ ಸರಿದು, ಬಟ್ಟೆಯ ಚೀಲವನ್ನು ಪಕ್ಕದಲ್ಲಿಟ್ಟು ಹೊರಗೆ ನೋಡತೊಡಗಿದಳು. ಹಿರಿಯವಳು ಕಂಬಿ ಹಿಡಿದು ನಿಂತಳು. ಕೂರು ಎಂದು ಅಮ್ಮ ಹೇಳಲಿಲ್ಲ, ಕೂರಲಾ ಎಂದು ಇವಳು ಕೇಳಲಿಲ್ಲ. ಮುಂದಿನ ನಿಲ್ದಾಣದಲ್ಲಿ ಜನ ನುಗ್ಗಿದರು. ಬೆವರೊರೆಸಿಕೊಳ್ಳುತ್ತ ಬಂದ ಒಬ್ಬ ಮುದುಕ ಚೀಲದ ಕಡೆ ಬೆರಳು ತೋರಿಸಿ, "ಇಲ್ಲಿ ಯಾರಾದ್ರೂ ಇದಾರೇನಮ್ಮ?" ಎಂದು ಕೇಳಿದ.

"ಇದಾರೆ," ಎಂದಳು ಅಮ್ಮ, ಕಿಟಕಿಯಿಂದ ಮುಖ ತಿರುಗಿಸದೆ.

ಮುದುಕ ಹಿಂದಕ್ಕೆ ಸರಿದು ಹೋದ. ಬಸ್ಸು ತಿರುವಿನಲ್ಲಿ ವಾಲಿತು. ಚೀಲ ಸೀಟಿನ ಅಂಚಿಗೆ ಜಾರಿತು, ಅಮ್ಮನ ಕೈ ಬಂದು ಅದನ್ನು ಹಿಡಿಯಿತು.